ಹೊಸ್ತಿಲು ಮತ್ತು ಬೇಸ್ ಗಿಟಾರ್

ಹಾಡು ಕೇಳುವಾಗ ಬೇಸ್ ಗಿಟಾರನ್ನ ಯಾರೂ ಬೇರೆಯಾಗಿ ಕೇಳಿಸ್ಕೊಳ್ಳಲ್ಲ. ಹಾಡುವವರ ದನಿ ಕೇಳ್ತೀವಿ, ಕೊಳಲು ಬಂದ್ರೆ ತಲೆ ಆಡಿಸ್ತೀವಿ, ತಬಲಾ ಬಿದ್ದಲ್ಲಿ ಬೆರಳು ತಟ್ಟುತ್ತೀವಿ. ಬೇಸ್ ಇತ್ತು ಅಂತ ಗೊತ್ತಾಗೋದು ಅದು ನಿಂತಾಗ. ಮನೇಲಿ ಫ್ರಿಜ್ಜಿನ ಸದ್ದು ಥಟ್ಟನೆ ನಿಂತ್ರೆ ತಲೆ ಎತ್ತಿ ನೋಡ್ತೀವಲ್ಲ, ಹಾಗೆ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪನೆ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ, ಐದು ತಂತಿಯದ್ದಾದರೆ ಸುಮಾರು 31 ಸಲ. ಅಷ್ಟು ತಗ್ಗಿನ ಸ್ವರ ನಿಮ್ಮ ಫೋನಿನ ಸ್ಪೀಕರಿನಲ್ಲಿ ಹೆಚ್ಚುಕಮ್ಮಿ ಬರೋದೇ ಇಲ್ಲ. ಅಂದ್ರೆ ರೀಲ್ಸ್ ನೋಡ್ತಾ ಬೆಳೀತಿರೋ ಒಂದು ಪೀಳಿಗೆಗೆ ಬೇಸ್ ನುಡಿಸುವವರು ಅಕ್ಷರಶಃ ಕೇಳಿಸ್ತಾ ಇಲ್ಲ.

ಹೀಗೆ ಕೇಳಿಸದ ವಾದ್ಯ ನುಡಿಸುವ ಒಬ್ಬರು, ತಮಗಾಗಿಯೇ ಒಂದು ಸಿಗ್ನೇಚರ್ ಬೇಸ್ ಮಾಡಿಕೊಡು ಅಂತ ನನ್ನ ವರ್ಕ್‌ಶಾಪಿಗೆ ಬಂದಿದ್ದರು. ಸಿಗ್ನೇಚರ್ ಅನ್ನೋದು ಈ ವ್ಯಾಪಾರದ ಹಳೇ ಮಾತು. ಗಿಬ್ಸನ್ ಕಂಪನಿ 1952ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಹೆಸರಿನಲ್ಲಿ ಒಂದು ಗಿಟಾರ್ ತಂದಿತು. ಆಮೇಲೆ ಹೆಸರು ಮಾಡಿದ ವಾದಕರಿಗೆಲ್ಲ ಅವರವರದ್ದೇ ಮಾಡೆಲ್ಲುಗಳು ಬಂದವು. ತಲೆಯ ಮೇಲೆ ಅವರ ರುಜು, ಅವರಿಗೆ ಇಷ್ಟದ ಬಣ್ಣ, ಬೆಲೆ ಮಾತ್ರ ಒಂದೂವರೆ ಪಟ್ಟು. ಅಭಿಮಾನಿಗಳು ಅದನ್ನ ಕೊಂಡು ಗೋಡೆಗೆ ನೇತು ಹಾಕ್ತಾರೆ.

ನನ್ನ ಹತ್ತಿರ ಬಂದವರಿಗೆ ಅಂಥ ಅಭಿಮಾನಿಗಳಿಲ್ಲ. ವಯಸ್ಸು ಐವತ್ತೆರಡು. ಹೆಸರು ಬರೆಯಲ್ಲ, ಬರೆದ್ರೂ ನಿಮಗೆ ಗೊತ್ತಿರೋದು ಡೌಟು. ನಾನು ಅವರನ್ನ ಅಣ್ಣ ಅಂತೀನಿ. ಇಪ್ಪತ್ತೆಂಟು ವರ್ಷದಿಂದ ಬೆಂಗಳೂರಿನ ಸ್ಟುಡಿಯೋಗಳಲ್ಲಿ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ, ಭಾವಗೀತೆ ಕಾರ್ಯಕ್ರಮಗಳಲ್ಲಿ, ಮದುವೆ ರಿಸೆಪ್ಷನ್ನುಗಳಲ್ಲಿ, ನಿಮ್ಮ ಕಂಪನಿಯ ಆ್ಯನುಯಲ್ ಡೇಯಲ್ಲಿ ಕೂಡ, ಡ್ರಮ್ಮರ್ ಪಕ್ಕದಲ್ಲಿ ಅರ್ಧ ಕತ್ತಲಲ್ಲಿ ನಿಂತು ನುಡಿಸಿದವರು. ಹುಟ್ಟಿದ್ದು ಆಲೂರಿಗೂ ಸಕಲೇಶಪುರಕ್ಕೂ ನಡುವಿನ ಒಂದು ಹಳ್ಳಿ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು.

ಅವರ ಎಡಭುಜ ಹೋಗಿತ್ತು. ನುಡಿಸ್ತಿದ್ದ ಬೇಸ್‌ನ ತೂಕ 4.7 ಕೆ.ಜಿ. ಅದನ್ನ ಒಂದೇ ಭುಜಕ್ಕೆ ನೇತು ಹಾಕ್ಕೊಂಡು, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ. ನಮ್ಮ ಲ್ಯಾಪ್‌ಟಾಪ್ ಬ್ಯಾಗ್ ಅದರ ಅರ್ಧ ತೂಕ ಇರುತ್ತೆ, ಅದಕ್ಕೇ ಮೆಟ್ರೋ ಹತ್ತಿ ಇಳಿಯೋಷ್ಟರಲ್ಲಿ ಕುತ್ತಿಗೆ ಹಿಡ್ಕೊಳ್ಳುತ್ತೆ. ಡಾಕ್ಟ್ರು ಹೇಳಿದ್ದು ಇಷ್ಟೇ: ಆರು ತಿಂಗಳು ನುಡಿಸಬೇಡಿ, ಇಲ್ಲಾ ಭಾರ ಇಳಿಸಿ. ಸೆಷನ್ ವಾದಕರಿಗೆ ಸಿಕ್ ಲೀವ್ ಇಲ್ಲ, ಪಿ.ಎಫ್. ಇಲ್ಲ. ಆರು ತಿಂಗಳು ಫೋನ್ ಎತ್ತದಿದ್ರೆ ಏಳನೇ ತಿಂಗಳು ಫೋನೇ ಬರಲ್ಲ. ಜೊತೆಗೆ ಮಗಳದ್ದು ಇಂಜಿನಿಯರಿಂಗ್ ಎರಡನೇ ವರ್ಷ.

ಅಣ್ಣನ ಬೇಡಿಕೆ ಎರಡೇ. "ಭುಜಕ್ಕೆ ಹಗುರ ಆಗ್ಬೇಕು. ನಮ್ಮೂರ ಬೀಟೇಲೇ ಆಗ್ಬೇಕು."

ಈ ಎರಡೂ ಒಟ್ಟಿಗೆ ಆಗಲ್ಲ ಅಂತ ಆಗಲೇ ಗೊತ್ತಿತ್ತು, ಆದ್ರೂ ಸುಮ್ಮನಿದ್ದೆ. ಬೀಟೆ ಅಂದ್ರೆ ಇಂಡಿಯನ್ ರೋಸ್‌ವುಡ್. ನಮ್ಮ ಮಲೆನಾಡಿನವರು ಮಂಚ, ಬಾಗಿಲು, ತೊಟ್ಟಿಲು ಮಾಡಿಸಿದ ಮರ. ಅದೇ ಮರ ಜಗತ್ತಿನ ಲಕ್ಷಾಂತರ ಗಿಟಾರುಗಳ ಮೇಲೂ ಇದೆ. ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲಿನ ರೋಸ್‌ವುಡ್ ಸಿಗೋದು ಕಷ್ಟವಾಗಿ 1969ರಲ್ಲಿ ನಮ್ಮ ಕಡೆಯ ರೋಸ್‌ವುಡ್ಡಿಗೆ ಬಂತು, ಉಳಿದವರೂ ಇದೇ ದಾರಿ ಹಿಡಿದರು. ಪಶ್ಚಿಮಘಟ್ಟದ ಮಗ್ಗುಲಲ್ಲಿ ಬೆಳೆದ ಮರ ಊರೂರು ಸುತ್ತಿ, ಅದರದ್ದೊಂದು ಪಟ್ಟಿ ಗಿಟಾರಿನ ಕುತ್ತಿಗೆ ಮೇಲೆ ಕೂತು ಬೆಂಗಳೂರಿನ ಅಂಗಡಿಗೆ ವಾಪಸ್ ಬರುತ್ತೆ. 2017ರಲ್ಲಿ ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿತ್ತು. ವಾದ್ಯ ಮಾಡುವವರೆಲ್ಲ ಗೋಳಾಡಿದ ಮೇಲೆ, 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮಲ್ಲಂತೂ ಸ್ವಂತ ತೋಟದಲ್ಲಿ ಬೆಳೆದ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ. ಹಾಗಾಗಿ ಹೊಸ ಮರದ ಮಾತೇ ಇರಲಿಲ್ಲ. "ಹಳೆ ಮನೆ ಮರ ಇದೆ, ಬಾ ತೋರಿಸ್ತೀನಿ" ಅಂದರು ಅಣ್ಣ.

ಮರ ನೋಡೋಕೆ ಮೊದಲು ನಾನು ನೋಡಿದ್ದು ಅವರ ಹಳೇ ಬೇಸನ್ನ. ಸಾಫ್ಟ್‌ವೇರಿನವರು ರಿಕ್ವೈರ್‌ಮೆಂಟ್ ಅಂತೀರಲ್ಲ, ಅದನ್ನ ಬಾಯಲ್ಲಿ ಕೇಳಿದ್ರೆ ಸಂಗೀತಗಾರರು ಹೇಳೋದು "ಟೋನ್ ಬೆಚ್ಚಗಿರ್ಬೇಕು", "ಸೌಂಡಿನಲ್ಲಿ ಒಂದು ಮಣ್ಣಿನ ಗುಣ ಇರ್ಬೇಕು" ಅಂತ. ಇದನ್ನ ಮಿಲಿಮೀಟರಿಗೆ ಇಳಿಸೋದು ಹೇಗೆ? ಹಳೇ ವಾದ್ಯ ಮಾತ್ರ ಸುಳ್ಳು ಹೇಳಲ್ಲ. ಬಲಗೈ ಮುಂದೋಳು ಊರುವ ಅಂಚಿನಲ್ಲಿ ಬಣ್ಣ ಪೂರ್ತಿ ಹೋಗಿ ಬರೀ ಮರ ಕಾಣ್ತಿತ್ತು. ಕಂಪನಿಯವರು ಆ ಅಂಚನ್ನ ಇಳಿಜಾರಾಗಿ ಕೆತ್ತಿದ್ದು ಅಲ್ಲಲ್ಲ, ಎರಡು ಬೆರಳು ಆಚೆ. ಹೆಬ್ಬೆರಳು ಊರುವ ಪಿಕಪ್ಪಿನ ಮೂಲೆ ಗುಂಡಗಾಗಿತ್ತು. ಇನ್ನೊಂದು ಪಿಕಪ್ ಮೇಲೆ ಒಂದು ಗೀರೂ ಇಲ್ಲ. ಇಪ್ಪತ್ತು ವರ್ಷದಲ್ಲಿ ಅವರ ಹೆಬ್ಬೆರಳು ಅಲ್ಲಿಗೆ ಹೋಗೇ ಇಲ್ಲ. ಫ್ರೆಟ್‌ಗಳು ಒಂದರಿಂದ ಏಳರವರೆಗೆ ಸವೆದು ತಗ್ಗಾಗಿದ್ದವು, ಹದಿನೈದರ ಮೇಲಿನವು ಹೊಸದರ ಹಾಗಿದ್ದವು. ಬೆನ್ನಿನ ಮೇಲೆ ಬೆಲ್ಟಿನ ಬಕಲ್ ಉಜ್ಜಿದ ಗುರುತು ನೋಡಿದ್ರೆ ವಾದ್ಯ ಎಷ್ಟು ಓರೆಯಾಗಿ ನೇತಾಡ್ತಿತ್ತು ಅನ್ನೋದೂ ಗೊತ್ತಾಗ್ತಿತ್ತು.

ಟ್ರೇಸಿಂಗ್ ಪೇಪರ್ ಹಾಸಿ ಎಲ್ಲ ಸವೆತವನ್ನೂ ಗುರುತು ಮಾಡ್ಕೊಂಡೆ. ಕೊನೆಗೆ ಕಾಗದದ ಮೇಲೆ ಕಂಡದ್ದು ಗಿಟಾರಿನ ಚಿತ್ರವಲ್ಲ, ಒಬ್ಬ ಮನುಷ್ಯ ನಿಲ್ಲುವ ರೀತಿ. ಸಿಗ್ನೇಚರ್ ಅಂದ್ರೆ ಇದೇ ಅಲ್ವಾ ಅನ್ನಿಸ್ತು. ಅಣ್ಣ ಹೊಸದಾಗಿ ರುಜು ಹಾಕ್ಬೇಕಾದ್ದು ಏನೂ ಇರಲಿಲ್ಲ. ಆಗಲೇ ಹಾಕಿಬಿಟ್ಟಿದ್ದರು.

ಡಿಸೆಂಬರಿನಲ್ಲಿ ಊರಿಗೆ ಹೋದ್ವಿ. ಹಾಸನ ದಾಟಿ ಆಲೂರು ಬರ್ತಿದ್ದ ಹಾಗೆ ಗದ್ದೆಬಯಲು ಮುಗಿದು ನೆಲ ಏರಿಳಿಯೋಕೆ ಶುರುವಾಗುತ್ತೆ, ಗಾಳಿ ತಣ್ಣಗಾಗುತ್ತೆ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಕಾಣುತ್ತೆ. ಅರೇಬಿಕಾ ಕೊಯ್ಲಿನ ಸಮಯ. ಕಣದಲ್ಲಿ ಕಾಫಿ ಹರಡಿತ್ತು. ಪಕ್ಕದ ತೋಟಕ್ಕೆ ಆನೆ ಬಂದಿದೆ ಅಂತ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದು, ಕೊಯ್ಲಿನವರು ಆವತ್ತು ಬೇಗ ವಾಪಸ್ಸಾಗಿದ್ದರು.

ಹಂಚಿನ ಹಳೇ ಮನೆ ಬಿಚ್ಚಿ, ಅಣ್ಣನ ದೊಡ್ಡಣ್ಣ ಅಲ್ಲೇ ಆರ್.ಸಿ.ಸಿ. ಮನೆ ಕಟ್ಟಿದ್ದರು. ತೊಲೆಗಳೆಲ್ಲ ಮಾರಾಟವಾಗಿದ್ದವು. ಉಳಿದಿದ್ದು ಒಂದೇ, ಅಮ್ಮ ಹಟ ಹಿಡಿದು ಕೊಟ್ಟಿಗೆಯ ಅಟ್ಟದ ಮೇಲೆ ಇಡಿಸಿದ್ದು. ಮುಂಬಾಗಿಲ ಹೊಸ್ತಿಲು. ನಾಲ್ಕಡಿ ಉದ್ದ, ಆರಿಂಚು ಅಗಲದ ಬೀಟೆ. ಎರಡು ಕೊನೆಯಲ್ಲಿ ಅರಿಸಿನ, ಕುಂಕುಮ ಕೂತು ಕೂತು ಕಪ್ಪಾಗಿತ್ತು. ಬಲಗಡೆ ಕುದುರೆ ಲಾಳ ಹೊಡೆದಿದ್ದ ಮೊಳೆಯ ತೂತುಗಳು. ನಡುವೆ ಮಾತ್ರ ತಗ್ಗು, ಬಟ್ಟಲಿನ ಅಂಚಿನಷ್ಟು ನುಣುಪು. ಹೊಸ್ತಿಲು ತುಳೀಬಾರದು ಅಂತ ಎಲ್ಲ ಮನೇಲೂ ಬೈತಾರೆ. ಎಲ್ಲ ಮನೇಲೂ ಅದು ನಡುವೆಯೇ ಸವೆದಿರುತ್ತೆ.

ನಾನು ಅದನ್ನ ಏನು ಮಾಡ್ತೀನಿ ಅಂತ ಅಮ್ಮ ಕೇಳಿದರು. ಬೆರಳು ಓಡಾಡೋ ಪಟ್ಟಿ ಮಾಡ್ತೀನಿ, ಅದರ ಮೇಲೆ ತಂತಿ ಬರುತ್ತೆ ಅಂದೆ.

"ಕಾಲಲ್ಲಿ ತುಳೀಬಾರ್ದು ಅಂತ ಇವನಿಗೆ ಎಷ್ಟು ಬೈದಿದೀನಿ. ಈಗ ಬೆರಳಲ್ಲಿ ತುಳೀತಾನಾ?" ಅಂದರು. ನಕ್ಕರೋ ಬೈದರೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಒದ್ದೆ ಬಟ್ಟೆ ತಂದು ಅದನ್ನ ಪೂರ್ತಿ ಒರೆಸಿ, "ತಗೊಂಡು ಹೋಗು ಮಗ, ಇಲ್ಲಿದ್ರೆ ಗೆದ್ದಲು ತಿನ್ನುತ್ತೆ" ಅಂದರು.

ಅಣ್ಣನಿಗೆ ಇಡೀ ಬಾಡಿ ಬೀಟೆಯದ್ದೇ ಬೇಕಿತ್ತು. ಹೊಸ್ತಿಲು ಸಾಲದಿದ್ರೆ ನೆಂಟರ ಮನೆಯ ಹಳೇ ಮಂಚ ಇದೆ ಅಂದರು. ಆವತ್ತು ರಾತ್ರಿ ಒಲೆ ಮುಂದೆ ಕೂತು ಲೆಕ್ಕ ತೋರಿಸಿದೆ. ನಾನು ಬರೆದ ಬಾಡಿಯ ಗಾತ್ರ ಸುಮಾರು 3.8 ಲೀಟರ್. ಒಣಗಿದ ಬೀಟೆ ಲೀಟರಿಗೆ ಸುಮಾರು 850 ಗ್ರಾಂ ತೂಗುತ್ತೆ. ಅಲ್ಲಿಗೆ ಬಾಡಿಯೊಂದೇ 3.2 ಕೆ.ಜಿ. ಕುತ್ತಿಗೆ, ಬ್ರಿಡ್ಜ್, ಕಿವಿಗಳು, ತಂತಿ ಎಲ್ಲ ಸೇರಿದ್ರೆ ಐದು ಕೆ.ಜಿ. ಹತ್ತಿರ. ಈಗ ನೋಯಿಸ್ತಿರೋ ವಾದ್ಯಕ್ಕಿಂತ ಜಾಸ್ತಿ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರೆ ಊರನ್ನ ಹೊತ್ಕೊಂಡು ಹೋಗೋಕಾಗಲ್ಲ ಅಂತೀಯ" ಅಂದರು. ಪೂರ್ತಿ ಹೊತ್ಕೊಂಡು ಹೋಗೋಕಾಗಲ್ಲ ಅಂದೆ.

ಇಲ್ಲೊಂದು ಗುಟ್ಟು ಹೇಳಿಬಿಡ್ತೀನಿ. ಎಲೆಕ್ಟ್ರಿಕ್ ಬೇಸ್‌ನಲ್ಲಿ ನಾದ ಹುಟ್ಟಿಸೋದು ವೀಣೆಯ ಹಾಗೆ ಮರದ ಕೊಡವಲ್ಲ. ಉಕ್ಕಿನ ತಂತಿ ಕಂಪಿಸಿದಾಗ ಪಿಕಪ್ಪಿನ ಅಯಸ್ಕಾಂತ ಅದನ್ನ ವಿದ್ಯುತ್ತಾಗಿ ಹಿಡಿಯುತ್ತೆ. ತಂತಿ, ಪಿಕಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಬೆರಳು, ಇವುಗಳ ಮುಂದೆ ಬಾಡಿಯ ಮರದ ಪಾತ್ರ ಸಣ್ಣದು. ಯಾವ ಮರಕ್ಕೆ ಯಾವ ಟೋನ್ ಅಂತ ಗಿಟಾರಿನವರು ಜಗಳ ಆಡ್ತಾನೇ ಇರ್ತಾರೆ, ಆಡಲಿ. ನನಗೆ ಬಾಡಿಯ ಮರದಿಂದ ಬೇಕಾಗಿದ್ದು ಮೂರೇ: ಹಗುರ ಇರ್ಬೇಕು, ಸೊಟ್ಟ ಆಗ್ಬಾರದು, ಅಣ್ಣನಿಗೆ ತನ್ನದು ಅನ್ನಿಸ್ಬೇಕು.

ಮೂರಕ್ಕೂ ಉತ್ತರ ಸಿಕ್ಕಿದ್ದು ಆಲೂರಿನ ಆಚಾರ್ರ ಹತ್ತಿರ. ಕೆಲವು ವರ್ಷದ ಹಿಂದೆ ಮಳೆಗಾಲದ ಗಾಳಿಗೆ ತೋಟದಲ್ಲಿ ಬಿದ್ದ ಹಲಸಿನ ಮರವೊಂದನ್ನ ಕುಯ್ಸಿ, ಹಲಗೆಗಳ ನಡುವೆ ರೀಪು ಕೊಟ್ಟು ಗಾಳಿಯಾಡೋ ಹಾಗೆ ಜೋಡಿಸಿಟ್ಟಿದ್ದರು. ನಾನು ಒಂದೊಂದನ್ನೇ ಎತ್ತಿ ನೋಡ್ತಿದ್ರೆ ಅವರು ಬೆರಳ ಗೆಣ್ಣಲ್ಲಿ ತಟ್ಟಿ, "ವೀಣೆಗೆ ಆಗೋ ಮರ ಕಣಪ್ಪ ಇದು, ನಿನ್ ಗಿಟಾರಿಗೆ ಯಾಕಾಗಲ್ಲ?" ಅಂದರು. ಹಲಸು ಲೀಟರಿಗೆ 600 ಗ್ರಾಂ ಆಸುಪಾಸು. ಒಳಗೆ ಎರಡು ಕಡೆ ಟೊಳ್ಳು ಕೊರೆದು ಮೇಲೊಂದು ತೆಳು ಹಲಗೆ ಮುಚ್ಚಿದ್ರೆ ಬಾಡಿ 1.8 ಕೆ.ಜಿ.ಗೆ ಬರುತ್ತೆ. ಜೊತೆಗೆ ಅಣ್ಣನಿಗೆ ಹಲಸಿನ ಮೇಲೆ ಬೇರೆ ಪ್ರೀತಿಯೂ ಇತ್ತು. ಹಣ್ಣಿನ ವಾಸನೆಗೆ ಆನೆ ಬರುತ್ತೆ ಅಂತ ಕಾಯಿ ಇರುವಾಗಲೇ ಕಿತ್ತು ಹಾಕ್ತಿದ್ದ ಊರು ಅವರದ್ದು.

ಮರ ಬೆಂಗಳೂರಿಗೆ ಬಂದ ತಕ್ಷಣ ಉಳಿ ಹಿಡಿಯೋ ಹಾಗಿಲ್ಲ. ಸಕಲೇಶಪುರದ ಮಳೆಗಾಲದಲ್ಲಿ ಮರ ಗಾಳಿಯಿಂದಲೇ ನೀರು ಕುಡಿಯುತ್ತೆ, ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಅದನ್ನ ಬಿಡುತ್ತೆ. ಬಿಡುವಾಗ ಕುಗ್ಗುತ್ತೆ, ತಿರುಚುತ್ತೆ. ಪ್ರತಿ ಭಾನುವಾರ ಹಲಗೆಗಳನ್ನ ತೂಕ ಮಾಡಿ ಅದರ ಮೇಲೇ ಪೆನ್ಸಿಲ್ಲಿನಲ್ಲಿ ಬರೀತಿದ್ದೆ. ತೂಕ ಇಳಿಯೋದು ನಿಲ್ಲೋವರೆಗೆ ಏಳು ತಿಂಗಳಾಯ್ತು. ಅಷ್ಟರಲ್ಲಿ ಡ್ರಾಯಿಂಗ್ ಮೇಲೆ ಕೆಲಸ ನಡೀತು.

ಭಾರ ಇಳಿಸಿದ್ರೆ ಭುಜ ಉಳಿಯುತ್ತೆ ಅಂತ ನಿಮಗೆ ಅನ್ನಿಸಬಹುದು. ಆದ್ರೆ ಬೇಸ್ ಅಂದ್ರೆ ತಕ್ಕಡಿ ಇದ್ದ ಹಾಗೆ. ಒಂದು ಕಡೆ ಬಾಡಿ, ಇನ್ನೊಂದು ಕಡೆ ಉದ್ದನೆ ಕುತ್ತಿಗೆ, ಅದರ ತುದಿಯಲ್ಲಿ ಲೋಹದ ಐದು ಕಿವಿಗಳು. ಬಾಡಿಯನ್ನ ಮಾತ್ರ ಹಗುರ ಮಾಡಿದ್ರೆ ತಲೆ ನೆಲದ ಕಡೆ ಬಾಗುತ್ತೆ, ಅದನ್ನ ಎತ್ತಿ ಹಿಡಿಯೋ ಕೆಲಸ ಎಡಗೈಗೆ ಬೀಳುತ್ತೆ. ನೋಯ್ತಿದ್ದ ಭುಜವೂ ಎಡದ್ದೇ. ಅಮೆರಿಕದ ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ತಲೆಯೇ ಇಲ್ಲದ ಬೇಸ್ ಮಾಡಿ ಈ ಸಮಸ್ಯೆಯನ್ನ ಬುಡಕ್ಕೇ ಕತ್ತರಿಸಿದ. ಅಣ್ಣನಿಗೆ ಅದರ ಫೋಟೋ ತೋರಿಸಿದೆ. "ತಲೆ ಇಲ್ಲದ್ದನ್ನ ಅಮ್ಮನಿಗೆ ಹೇಗಪ್ಪ ತೋರಿಸ್ಲಿ?" ಅಂದರು. ಸರಿ, ಚಿಕ್ಕ ತಲೆ, ಹಗುರದ ಕಿವಿಗಳು, ಅಲ್ಯೂಮಿನಿಯಮ್ ಬ್ರಿಡ್ಜ್. ಪಟ್ಟಿ ಸಿಕ್ಕಿಸೋ ಮೇಲಿನ ಕೊಂಬನ್ನ ಹನ್ನೆರಡನೇ ಫ್ರೆಟ್‌ವರೆಗೆ ಚಾಚಿದೆ. ಪ್ಲೈವುಡ್ಡಿನಲ್ಲಿ ಡಮ್ಮಿ ಮಾಡಿ, ಮರಳಿನ ಸಣ್ಣ ಚೀಲಗಳನ್ನ ಅಲ್ಲಲ್ಲಿ ಅಂಟಿಸಿ, ಕೈಬಿಟ್ಟಾಗ ಅದು ಎಲ್ಲಿಟ್ಟರೆ ಅಲ್ಲೇ ನಿಲ್ಲೋವರೆಗೆ ಚೀಲ ಸರಿಸಿದ್ವಿ.

ಉದ್ದದ ಪ್ರಶ್ನೆ ಇನ್ನೂ ಸೂಕ್ಷ್ಮ. ಲಿಯೋ ಫೆಂಡರ್ 1951ರಲ್ಲಿ ತನ್ನ ಪ್ರಿಸಿಷನ್ ಬೇಸ್ ತಂದಾಗ ತಂತಿಯ ಉದ್ದ 34 ಇಂಚು ಇಟ್ಟ. ಅಲ್ಲಿವರೆಗೆ ಬೇಸ್ ಅಂದ್ರೆ ಆಳೆತ್ತರದ, ನಿಲ್ಲಿಸಿ ನುಡಿಸೋ ವಾದ್ಯ. ಆ 34 ಇಂಚೇ ಈಗ ಬೇಸ್‌ಗಳ ವಾಡಿಕೆಯ ಅಳತೆ. ಕುತ್ತಿಗೆ ಗಿಡ್ಡ ಮಾಡಿದ್ರೆ ಅಣ್ಣನ ತೋಳು ಅಷ್ಟು ದೂರ ಚಾಚಬೇಕಾಗಿಲ್ಲ. ಆದ್ರೆ ಅದೇ ತಂತಿ, ಅದೇ ಸ್ವರಕ್ಕೆ ಬಿಗುವು ಉದ್ದದ ವರ್ಗದ ಪ್ರಕಾರ ಇಳಿಯುತ್ತೆ. 32 ಇಂಚಿಗೆ ಬಂದ್ರೆ ಬಿಗುವು ಶೇ. 11ರಷ್ಟು ಕಮ್ಮಿಯಾಗಿ ಕೆಳಗಿನ ತಂತಿ ಒಗೆದ ಬಟ್ಟೆ ಹಗ್ಗದ ಹಾಗೆ ಜೋಲುತ್ತೆ. 33ಕ್ಕೆ ಬಂದ್ರೆ ಶೇ. 6. ಎರಡನ್ನೂ ಹಲಗೆ ಮೇಲೆ ಕಟ್ಟಿ, ಕಣ್ಣು ಮುಚ್ಚಿಸಿ ಕೇಳಿಸಿದೆ. ಅವರು 33ರದ್ದನ್ನ ಹಿಡಿದು ಬಿಡಲೇ ಇಲ್ಲ.

ಆಮೇಲೆ ಹೊಸ್ತಿಲು. ಕುತ್ತಿಗೆಗೆ ಮೇಪಲ್ ತಂದಿದ್ದೆ, ಅದು ಹೊರದೇಶದ್ದೇ. ಒಳಗೊಂದು ಉಕ್ಕಿನ ಸರಳು ಕೂರಿಸಿ, ಮೇಲೆ ಬೀಟೆಯ ಪಟ್ಟಿ. 63 ಸೆಂಟಿಮೀಟರ್ ಉದ್ದ, ತುದಿಯಲ್ಲಿ ಏಳು ಸೆಂಟಿಮೀಟರ್ ಅಗಲ, ಆರು ಮಿಲಿಮೀಟರ್ ದಪ್ಪ. ಗರಗಸ ಹಾಕುವ ಮೊದಲು ಮೊಳೆ ಏನಾದ್ರೂ ಒಳಗೆ ಉಳಿದಿದೆಯಾ ಅಂತ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದೆ. ಎರಡು ಮುರುಕು ಸಿಕ್ಕವು. ಹೊರಗೆ ಕಪ್ಪಗಿದ್ದ ಮರ ಕುಯ್ದಾಗ ಒಳಗೆ ನೇರಳೆ ಬಣ್ಣಕ್ಕಿತ್ತು, ಅದರ ಸಿಹಿ ವಾಸನೆ ವರ್ಕ್‌ಶಾಪಿನಲ್ಲಿ ಎರಡು ದಿನ ಇತ್ತು. ಲಾಳದ ಮೊಳೆಯ ಒಂದು ತೂತು ಒಂಬತ್ತು, ಹತ್ತನೇ ಫ್ರೆಟ್‌ಗಳ ನಡುವೆ ಬಂತು. ಮುಚ್ಚಲಾ ಅಂತ ಕೇಳಿದೆ. ಬೇಡ ಅಂದರು. ಬೀಟೆಯ ಹೊಟ್ಟನ್ನೇ ಅಂಟಿನಲ್ಲಿ ಕಲೆಸಿ ಬೆರಳಿಗೆ ತಾಗದಷ್ಟು ಮಟ್ಟ ಮಾಡಿದೆ, ಗುರುತು ಹಾಗೇ ಉಳೀತು.

ಪಟ್ಟಿಯ ತೂಕ ಇನ್ನೂರು ಗ್ರಾಂ ಹತ್ತಿರ. ಇಡೀ ಬೇಸ್ 3.5 ಕೆ.ಜಿ. ಉಳಿದ ಹೊಸ್ತಿಲು ಅಮ್ಮನಿಗೆ ವಾಪಸ್ ಹೋಯ್ತು. ದೇವರ ಮನೆಗೆ ಅದರಲ್ಲೊಂದು ಮಣೆ ಮಾಡಿಸ್ಕೊಂಡರಂತೆ.

ಕೆಲಸ ಮಾಡುವಾಗೆಲ್ಲ ನನಗೆ ನೆನಪಾಗ್ತಿದ್ದವರು ಪಿಟೀಲು ಚೌಡಯ್ಯನವರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಮೆಮೋರಿಯಲ್ ಹಾಲ್ ಮುಂದೆ ನಾವೆಲ್ಲ ಸೆಲ್ಫಿ ತಗೊಂಡಿದ್ದೀವಿ. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ತಲುಪಲಿ ಅಂತ ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿದರು. ಆ ಏಳು ತಂತಿಯ ಪಿಟೀಲೇ ಅವರ ಗುರುತಾಯ್ತು. ಬೇಸ್ ಲೋಕದಲ್ಲಿ ಜಾಕೋ ಪಾಸ್ಟೋರಿಯಸ್ ಕೂಡ ಹಾಗೇ. ಫ್ರೆಟ್ ಇಲ್ಲದ ತನ್ನ 1962ರ ಜಾಝ್ ಬೇಸ್‌ನ ರೋಸ್‌ವುಡ್ ಪಟ್ಟಿಯನ್ನ ತಂತಿ ತಿಂದು ಹಾಕದಿರಲಿ ಅಂತ ದೋಣಿಗೆ ಬಳಿಯೋ ಎಪಾಕ್ಸಿ ಬಳಿದ. ಹಾಡುವ ಹಾಗೆ ಕೇಳೋ ಅವನ ನಾದದ ಜೊತೆ ಆ ಕತೆಯೂ ಸೇರಿಹೋಗಿದೆ. ಇಬ್ಬರೂ ಸಿಗ್ನೇಚರ್ ಮಾಡೋಕೆ ಕೂತವರಲ್ಲ. ಒಬ್ಬರಿಗೆ ಹಿಂದಿನ ಸಾಲು ತಲುಪಬೇಕಿತ್ತು, ಇನ್ನೊಬ್ಬನಿಗೆ ಮರ ಉಳಿಸಬೇಕಿತ್ತು. ಅಣ್ಣನಿಗೆ ಇನ್ನು ಹತ್ತು ವರ್ಷ ನಿಂತು ನುಡಿಸಬೇಕಿದೆ, ಅಷ್ಟೇ.

ಪವಾಡ ಏನೂ ಆಗಿಲ್ಲ. ನೋವು ಪೂರ್ತಿ ಹೋಗಿಲ್ಲ. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಅರ್ಧ ಹೊತ್ತು ಎತ್ತರದ ಸ್ಟೂಲಿನ ಮೇಲೆ ಕೂರ್ತಾರೆ. ಫಿಸಿಯೋಥೆರಪಿ ನಡೀತಿದೆ. ಆದ್ರೆ ಫೋನ್ ಬಂದ್ರೆ ಎತ್ತುತ್ತಾರೆ, ಹೂಂ ಅಂತಾರೆ. ಮಗಳ ಮೂರನೇ ವರ್ಷದ ಫೀಸು ಕಟ್ಟಿಯಾಗಿದೆ.

ಈ ಡಿಸೈನನ್ನ ಅವರ ಹೆಸರಲ್ಲಿ ಹತ್ತು ಪೀಸ್ ಮಾಡಿ ಮಾರೋಣವಾ ಅಂತ ಒಬ್ಬರು ಕೇಳಿದ್ದಾರೆ. ಅಣ್ಣನಿಗೆ ಹೇಳಿದೆ. ಯೋಚನೆ ಮಾಡಿ ಎರಡು ದಿನದ ಮೇಲೆ ಉತ್ತರ ಕೊಟ್ಟರು: ತೂಕ, ತಕ್ಕಡಿ, 33 ಇಂಚು, ಇದೆಲ್ಲ ಯಾರಿಗೆ ಬೇಕಾದ್ರೂ ಕೊಡು, ಭುಜ ನೋಯೋರು ಬಹಳ ಜನ ಇದ್ದಾರೆ. ತೋಳು ಊರೋ ಜಾಗ ಮಾತ್ರ ಅವರವರನ್ನ ನೋಡಿ ಕೆತ್ತು. ಹೆಸರು ಬೇಡ.

ಈಗ ಆರ್ಡರ್ ಕೊಟ್ಟಿರೋದು ಇಪ್ಪತ್ತಮೂರು ವರ್ಷದ ಒಬ್ಬಳು ಹುಡುಗಿ. ಐದಡಿ ಎತ್ತರ, ಗಿಡ್ಡ ಬೆರಳು, ನುಡಿಸೋಕೆ ಶುರು ಮಾಡಿ ನಾಲ್ಕು ವರ್ಷವಷ್ಟೇ. ಅವಳ ಬೇಸ್‌ನ ಮೇಲೆ ಓದಿಕೊಳ್ಳೋಕೆ ಇನ್ನೂ ಹೆಚ್ಚು ಸವೆತ ಇಲ್ಲ. ಅದಕ್ಕೇ ಮುಂದಿನ ತಿಂಗಳು ಅವಳ ಮೂರು ಕಾರ್ಯಕ್ರಮಕ್ಕೆ ಹೋಗಿ ಪಕ್ಕದಲ್ಲಿ ನಿಂತು ನೋಡ್ತೀನಿ. ಅಣ್ಣನ ಬೇಸ್ ಮೊನ್ನೆ ಮಳೆಗಾಲ ಮುಗಿದ ಮೇಲೆ ಕುತ್ತಿಗೆಯ ಸರಳು ಸರಿ ಮಾಡಿಸೋಕೆ ಬಂದಿತ್ತು. ಹಲಸಿಗೆ ಬಣ್ಣ ಬಳಿದಿರಲಿಲ್ಲ, ಬರೀ ಎಣ್ಣೆ. ಹಳದಿ ಹೋಗಿ ಜೇನಿನ ಬಣ್ಣಕ್ಕೆ ತಿರುಗ್ತಾ ಇದೆ, ಇನ್ನು ಕೆಲವು ವರ್ಷಕ್ಕೆ ಕಂದಾಗುತ್ತೆ. ಮುಂದೋಳು ಊರೋ ಅಂಚಿನಲ್ಲಿ ಸಣ್ಣಗೆ ಹೊಳಪು ಬಂದಿದೆ.